ಎರಡು ಚೀಟಿ, ಎರಡು ಬೆಲೆ

ಅಂಗಡಿಯ ಚೀಟಿಯಲ್ಲಿ ಒಟ್ಟು ಮೊತ್ತ ಮಾತ್ರವಿದ್ದು, ಒಂದೊಂದು ವಸ್ತುವಿನ ದರ ಕಾಣದಿದ್ದರೆ ಅದನ್ನು ಕಂಡುಹಿಡಿಯಬಹುದೆ? ಘಟಪ್ರಭೆಯ ಅಣೆಕಟ್ಟಿನಿಂದ ಹೆಸರಾದ ಹಿಡಕಲ್ಲಿನಲ್ಲಿ ರೈತನೊಬ್ಬನು ೩ ಚೀಲ ಗೊಬ್ಬರ, ೨ ಪೊಟ್ಟಣ ಗೋವಿನಜೋಳದ ಬೀಜ ಕೊಂಡು ೪೦೦೦ ರೂಪಾಯಿ ತೆತ್ತನೆಂದು ಭಾವಿಸೋಣ. ಗೊಬ್ಬರಕ್ಕೆ ೬೦೦, ಬೀಜಕ್ಕೆ ೧೧೦೦ ಎಂದರೂ ಮೊತ್ತ ಸರಿಹೋಗುವುದು. ಎರಡಕ್ಕೂ ೮೦೦ ಎಂದರೂ ಸರಿಹೋಗುವುದು. ಅವ್ಯಕ್ತಗಳು ಎರಡಿರುವಲ್ಲಿ ಒಂದೇ ಹೇಳಿಕೆ ಸಾಲದು.

ಅದೇ ದಿನ ಅದೇ ದರದಲ್ಲಿ ನೆರೆಯವನು ೨ ಚೀಲ ಗೊಬ್ಬರ, ೩ ಪೊಟ್ಟಣ ಬೀಜಕ್ಕೆ ೪೫೦೦ ರೂಪಾಯಿ ಕೊಟ್ಟಿದ್ದರೆ ದಾರಿ ತೆರೆಯುವುದು. ಗೊಬ್ಬರದ ಬೆಲೆ ಕ್ಷ, ಬೀಜದ ಬೆಲೆ ಯ ಆಗಿರಲಿ.

೩ಕ್ಷ + ೨ಯ = ೪೦೦೦
೨ಕ್ಷ + ೩ಯ = ೪೫೦೦

ಇವೆರಡನ್ನೂ ಕೂಡಿಸಿ ೫ರಿಂದ ಭಾಗಿಸಿದರೆ ಕ್ಷ + ಯ = ೧೭೦೦. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಯ – ಕ್ಷ = ೫೦೦. ಆದುದರಿಂದ ಯ = ೧೧೦೦, ಕ್ಷ = ೬೦೦.

ಈ ಬಗೆಯ ಲೆಕ್ಕ ಕನ್ನಡ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. ೮೫೦ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇಂಥದೇ ಸಮಸ್ಯೆಯಿದೆ. ಅಲ್ಲಿ ೯ ಮಾದಲ ಹಣ್ಣು, ೭ ಬೇಲದ ಹಣ್ಣುಗಳಿಗೆ ೧೦೭. ೭ ಮಾದಲ, ೯ ಬೇಲಗಳಿಗೆ ೧೦೧. ಒಂದೊಂದರ ಬೆಲೆಯೆಷ್ಟು?

ಅವರು ಸೂತ್ರವನ್ನೂ ಕೊಟ್ಟಿರುವರು. ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ, ಅಂತರವನ್ನು ಆ ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸಬೇಕು. ೧೦೭ × ೯ = ೯೬೩; ೧೦೧ × ೭ = ೭೦೭; ಅಂತರ ೨೫೬. ವರ್ಗಗಳ ಅಂತರ ೮೧ – ೪೯ = ೩೨. ೨೫೬ನ್ನು ೩೨ರಿಂದ ಭಾಗಿಸಲು ಮಾದಲದ ಬೆಲೆ ೮. ೯ ಮಾದಲಗಳಿಗೆ ೭೨ ಹೋಗಲು ಉಳಿದ ೩೫, ೭ ಬೇಲಗಳ ಬೆಲೆ, ಒಂದಕ್ಕೆ ೫. ವಾಚಕರು ನಮ್ಮ ಕೂಡುವ ಕಳೆಯುವ ಕ್ರಮವನ್ನು ಇಲ್ಲಿಯೂ ಪ್ರಯೋಗಿಸಿ ನೋಡಬಹುದು; ಉತ್ತರ ಅದೇ ಬರುವುದು.

ಆದರೆ ಎರಡು ಚೀಟಿಗಳಿದ್ದರೆ ಸಾಕೆಂದು ತಿಳಿಯಬಾರದು. ಹಿಡಕಲ್ಲಿನ ಮೂರನೆಯ ರೈತನ ಚೀಟಿಯಲ್ಲಿ ೬ ಚೀಲ ಗೊಬ್ಬರ, ೪ ಪೊಟ್ಟಣ ಬೀಜಕ್ಕೆ ೮೦೦೦ ಎಂದಿದ್ದರೆ, ಅದು ಮೊದಲ ಚೀಟಿಯ ಇಮ್ಮಡಿಯಷ್ಟೇ. ಹೊಸ ಸಂಗತಿಯೇನನ್ನೂ ತಿಳಿಸದು. ಅದರಲ್ಲಿ ೮೨೦೦ ಎಂದಿದ್ದರೆ, ಯಾವ ದರವೂ ಎರಡು ಚೀಟಿಗಳಿಗೆ ಒಟ್ಟಿಗೆ ಹೊಂದದು. ಆಗ ಮೊತ್ತ ತಪ್ಪಿರಬೇಕು, ಇಲ್ಲವೆ ಇಬ್ಬರಿಗೆ ದರ ಬೇರೆಯಾಗಿರಬೇಕು. ಬೆಲೆಯನ್ನು ತಿಳಿಸುವ ಬೀಜಗಣಿತವು ಹೀಗೆ ವ್ಯಾಪಾರದ ವ್ಯತ್ಯಾಸವನ್ನೂ ಬಯಲಿಗೆ ತರುವುದು.