ಸಹಿ ಹಾಕಿದವನ ಹೊಣೆ: ವಿಮಾನ ತರಬೇತಿ ಕಲಿಸುವ ವ್ಯವಹಾರ ಪಾಠ

ವಿಮಾನ ಹಾರಿಸಲು ಕಲಿಯುವವನ ಜೀವನದಲ್ಲಿ, ತರಬೇತುದಾರನು ಕೆಳಗಿಳಿದು ಅವನೊಬ್ಬನನ್ನೇ ಹಾರಲು ಬಿಡುವ ದಿನವೊಂದು ಬರುತ್ತದೆ. ನೆಲದ ಮೇಲೆ ನಿಂತ ಗುರುವಿನ ಕೈಯಲ್ಲಿ ಆಗ ಯಾವ ನಿಯಂತ್ರಣವೂ ಉಳಿದಿರುವುದಿಲ್ಲ; ಉಳಿದಿರುವುದು ಶಿಷ್ಯನ ಲಾಗ್‌ಬುಕ್ಕಿನಲ್ಲಿ ಆತ ಮಾಡಿದ ಸಹಿ ಮಾತ್ರ. ಅಪಘಾತ ಸಂಭವಿಸಿದರೆ ಆ ಸಹಿ ಎಷ್ಟು ದುಬಾರಿಯಾದೀತು?

ಅಮೆರಿಕದ ವಿಮಾನಯಾನ ನಿಯಮಗಳ ಪ್ರಕಾರ, ಏಕಾಂಗಿ ಹಾರಾಟದಲ್ಲಿ ವಿದ್ಯಾರ್ಥಿಯೇ ವಿಮಾನದ ಮುಖ್ಯ ಚಾಲಕ. ನೇರ ಹೊಣೆಯೂ ಅವನದೇ. ಆದರೂ ತರಬೇತುದಾರನು ಕೈ ತೊಳೆದುಕೊಳ್ಳುವಂತಿಲ್ಲ. ಆತ ಜ್ಞಾನ ಪರೀಕ್ಷೆ ನಡೆಸಬೇಕು, ನಿಗದಿತ ಕೌಶಲಗಳನ್ನು ಕಲಿಸಬೇಕು, ವಿದ್ಯಾರ್ಥಿಯು ಹಾರಿಸಲಿರುವ ಮಾದರಿಯ ವಿಮಾನಕ್ಕೆಂದೇ ಅನುಮತಿ ಬರೆದುಕೊಡಬೇಕು. ಈ ಅನುಮತಿಯ ಅವಧಿ 90 ದಿನ. ದಾಖಲೆಗಳನ್ನು 3 ವರ್ಷ ಕಾಯ್ದಿರಿಸಬೇಕು. ಇವುಗಳಲ್ಲಿ ಲೋಪವಾದಲ್ಲಿ ಆತನ ಪರವಾನಗಿಗೆ ಕುತ್ತು ಬರಬಹುದು. ಪರಿಹಾರದ ದಾವೆಯಲ್ಲಿ ಅದೇ ಲೋಪವು ನಿರ್ಲಕ್ಷ್ಯಕ್ಕೆ ಸಾಕ್ಷ್ಯವೂ ಆಗಬಹುದು.

ಮಿನ್ನೆಸೋಟದ ಪ್ರಕರಣ

ತರಬೇತಿ ಮುಗಿದ ಮೇಲೂ ಈ ಹೊಣೆ ಬೆನ್ನಟ್ಟುವುದೇ? 2003ರ ಜನವರಿಯಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಸಿರಸ್ ಎಸ್‌ಆರ್-22 ವಿಮಾನವೊಂದು ಪತನಗೊಂಡು, ಅದರ ಮಾಲೀಕ-ಚಾಲಕನೂ ಸಹಪ್ರಯಾಣಿಕನೂ ಮೃತಪಟ್ಟರು. ವಿಮಾನದ ಖರೀದಿಯೊಂದಿಗೆ ದೊರೆತ ತರಬೇತಿಯಲ್ಲಿ, ಮೋಡ ಕವಿದಾಗ ಆಟೋಪೈಲಟ್ ನೆರವಿನಿಂದ ಪಾರಾಗುವ ಪಾಠವನ್ನು ಕೈಬಿಡಲಾಗಿತ್ತೆಂಬುದು ವಾದಿಗಳ ದೂರು. ಜ್ಯೂರಿಯು ತಯಾರಕರು ಮತ್ತು ತರಬೇತಿ ಸಂಸ್ಥೆಯ ಮೇಲೆ ಒಟ್ಟು ಶೇ. 75ರಷ್ಟು ಹೊಣೆ ಹೊರಿಸಿತು. ಮೇಲ್ಮನವಿಯಲ್ಲಿ ಈ ತೀರ್ಪು ರದ್ದಾಯಿತು. 2012ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು: ಅಪಾಯದ ಬಗ್ಗೆ ಎಚ್ಚರಿಸುವುದು ತಯಾರಕನ ಕರ್ತವ್ಯ, ಲಿಖಿತ ಸೂಚನೆಗಳಿಂದ ಅದು ಪೂರೈಸಿದಂತೆ, ತರಬೇತಿ ನೀಡುವುದು ಆ ಕರ್ತವ್ಯದ ಭಾಗವಲ್ಲ. ತರಬೇತಿಯ ಭರವಸೆ ಕರಾರಿನಿಂದ ಹುಟ್ಟಿದ್ದು. ಅದರ ಲೋಪಕ್ಕೆ ಪರಿಹಾರವನ್ನೂ ಕರಾರಿನಡಿಯೇ ಕೇಳಬೇಕು.

ನಮಗೇನು ಪಾಠ?

ಆ ತೀರ್ಪು ಭಾರತದ ನ್ಯಾಯಾಲಯಗಳನ್ನು ಕಟ್ಟಿಹಾಕದು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಮಿನಂತೆ, ಸರಿಯಾದ ಬಳಕೆಯ ಸಾಕಷ್ಟು ಸೂಚನೆ ಅಥವಾ ತಪ್ಪು ಬಳಕೆಯ ಎಚ್ಚರಿಕೆ ಇಲ್ಲದ ಉತ್ಪನ್ನದಿಂದಾದ ಹಾನಿಗೆ ತಯಾರಕನು ಹೊಣೆಯಾಗುತ್ತಾನೆ. ಆದುದರಿಂದ ಯಂತ್ರ ಮಾರಿ, ಅದರ ಬಳಕೆಯನ್ನೂ ಕಲಿಸಿಕೊಡುವ ಸಣ್ಣ ಉದ್ಯಮಿಯು ಮೂರು ಸಂಗತಿಗಳನ್ನು ಮರೆಯಬಾರದು: ಸೂಚನೆಗಳು ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿ ಲಿಖಿತವಾಗಿರಲಿ, ಕಲಿಸಿದ ಪ್ರತಿ ಪಾಠಕ್ಕೂ ದಿನಾಂಕ, ಸಹಿಗಳಿರಲಿ, ಕಲಿಸುವೆವೆಂದು ಕರಾರಿನಲ್ಲಿ ಬರೆದುದನ್ನು ಪೂರ್ತಿ ಕಲಿಸಿರಲಿ. ಕಲಿಸದ ಪಾಠಕ್ಕೆ ಸಹಿ ಹಾಕುವುದು ಯಾವ ವ್ಯವಹಾರದಲ್ಲೂ ಲಾಭದ ಮಾತಲ್ಲ.