ಎಲ್ಲರೂ ಹೇಳಿದರೆ ಗೆರೆ ಉದ್ದವಾಗುವುದೇ?

ಬೇಸಿಗೆಯ ಮಧ್ಯಾಹ್ನ. ಊರ ಹೊರಗಿನ ಕೃಷಿ ಹೊಂಡದ ದಡದಲ್ಲಿ ಐವರು ಹುಡುಗರು ನಿಂತಿದ್ದಾರೆ ಎಂದುಕೊಳ್ಳಿ. ನಾಲ್ವರು ಆಗಲೇ ಅಂಗಿ ಬಿಚ್ಚಿದ್ದಾರೆ. ಐದನೆಯವನಿಗೆ ಈಜು ಬಾರದು. ಹೊಂಡದ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಒಳಗೆ ಜಾರಿದರೆ ಹತ್ತಿ ಬರುವುದು ಕಷ್ಟ ಎಂಬುದೂ ಅವನಿಗೆ ಗೊತ್ತು. ಆದರೂ ‘ಏ ಪುಕ್ಕಲ!’ ಎಂದು ಒಬ್ಬ ನಕ್ಕ ಕೂಡಲೇ ಅವನ ಕೈ ಅಂಗಿಯ ಗುಂಡಿಯತ್ತ ಹೋಗುತ್ತದೆ. ಮನಸ್ಸು ಬೇಡ ಎನ್ನುತ್ತಿರುವಾಗ ಕೈ ಹೀಗೇಕೆ ಮಾಡುತ್ತದೆ?

ಜೊತೆಗಾರರಿಂದ ನಮ್ಮ ಮೇಲೆ ಬೀಳುವ ಈ ಬಲಕ್ಕೆ ‘ಸಮವಯಸ್ಕರ ಒತ್ತಡ’ ಎಂದು ಹೆಸರು. ಗಾಳಿಯ ಒತ್ತಡದಂತೆ ಇದೂ ಕಣ್ಣಿಗೆ ಕಾಣದು. ಆದರೆ ಅದರ ಪರಿಣಾಮವನ್ನು ಅಳೆಯಬಹುದು. ಅಳೆದವರೂ ಇದ್ದಾರೆ.

ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿದ್ದ ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಅದಕ್ಕೆ ಬೇಕಾದದ್ದು ಎರಡು ಕಾರ್ಡು ಮಾತ್ರ. ಒಂದರಲ್ಲಿ ಒಂದೇ ಗೆರೆ. ಇನ್ನೊಂದರಲ್ಲಿ ಬೇರೆ ಬೇರೆ ಉದ್ದದ ಮೂರು ಗೆರೆ. ಮೊದಲ ಕಾರ್ಡಿನ ಗೆರೆಯಷ್ಟೇ ಉದ್ದವಿರುವುದು ಈ ಮೂರರಲ್ಲಿ ಯಾವುದು? ಒಂದನೇ ತರಗತಿಯ ಮಗುವೂ ಹೇಳುವಂಥ ಪ್ರಶ್ನೆ!

ಏಳೆಂಟು ಕಾಲೇಜು ವಿದ್ಯಾರ್ಥಿಗಳು ಸಾಲಾಗಿ ಕುಳಿತು ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಉತ್ತರ ಹೇಳಬೇಕು. ಗುಟ್ಟು ಇರುವುದು ಇಲ್ಲಿಯೇ. ಅವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರು. ಒಟ್ಟು 18 ಸುತ್ತುಗಳಲ್ಲಿ 12 ಸುತ್ತು ಒಂದೇ ತಪ್ಪು ಉತ್ತರವನ್ನು ಎಲ್ಲರೂ ಹೇಳಬೇಕೆಂದು ಅವರಿಗೆ ಮೊದಲೇ ಹೇಳಿಕೊಟ್ಟಿತ್ತು. ಪಾಪ, ಏನೂ ಅರಿಯದ ಆ ಒಬ್ಬನ ಸರದಿ ಬರುವುದು ಸಾಲಿನ ಕೊನೆಯ ಹೊತ್ತಿಗೆ.

ಒಬ್ಬರೇ ಕುಳಿತು ಉತ್ತರಿಸಿದಾಗ 100ಕ್ಕೆ ಒಂದು ತಪ್ಪೂ ಆಗುತ್ತಿರಲಿಲ್ಲ. ಗುಂಪಿನ ನಡುವೆ, ಉಳಿದವರು ತಪ್ಪು ಹೇಳಿದ ಸುತ್ತುಗಳಲ್ಲಿ, 100ಕ್ಕೆ ಸುಮಾರು 37 ಉತ್ತರ ತಪ್ಪಾದವು! ಪ್ರತಿ ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿಗೆ ಸೋತರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ‘ಪುಕ್ಕಲ’ ಎಂದೂ ಕರೆಯಲಿಲ್ಲ ಎಂಬುದನ್ನು ಗಮನಿಸಿ. ಯಾಕೆ ಹೀಗೆ ಹೇಳಿದಿರಿ ಎಂದು ಆಮೇಲೆ ಕೇಳಿದಾಗ ಕೆಲವರು ತಮ್ಮ ಕಣ್ಣಿನ ಮೇಲೆಯೇ ಅನುಮಾನ ಬಂತು ಎಂದರು. ಇನ್ನು ಕೆಲವರಿಗೆ ಸರಿ ಉತ್ತರ ಗೊತ್ತಿತ್ತು. ಎಲ್ಲರ ನಡುವೆ ತಾವೊಬ್ಬರೇ ಬೇರೆಯಾಗಲು ಅವರು ಹಿಂಜರಿದಿದ್ದರು. (ಹಿರಿಯರೂ ಇದಕ್ಕೆ ಹೊರತಲ್ಲ. ಸಭೆಯಲ್ಲಿ ಅಕ್ಕಪಕ್ಕದವರನ್ನು ನೋಡಿಕೊಂಡು ಕೈ ಎತ್ತಿದ್ದು ನನಗೂ ನೆನಪಿದೆ.)

ಎದುರಿಗೆ ಒಬ್ಬನೇ ಇದ್ದರೆ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಇಬ್ಬರಾದರೆ ಏರುತ್ತದೆ. ಮೂವರಾದರೆ ಹೆಚ್ಚುಕಡಿಮೆ ಪೂರ್ತಿ. ಆಮೇಲೆ ಎಷ್ಟು ಜನ ಸೇರಿದರೂ ಅಷ್ಟೇನೂ ಹೆಚ್ಚುವುದಿಲ್ಲ. ಆಶ್ ಅವರು ಇನ್ನೊಂದು ಬದಲಾವಣೆಯನ್ನೂ ಮಾಡಿ ನೋಡಿದರು. ಸಾಲಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವಂತೆ ಏರ್ಪಾಡು ಮಾಡಿದರು. ಅಷ್ಟಕ್ಕೇ ತಪ್ಪು ಉತ್ತರಗಳು ಕಾಲು ಭಾಗಕ್ಕೆ ಇಳಿದವು!

ನಿಮ್ಮ ವಯಸ್ಸಿನವರಿಗೆ ಇನ್ನೊಂದು ವಿಷಯ ತಿಳಿದಿರಬೇಕು. 2005ರಲ್ಲಿ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬುವರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದನ್ನು ಆಡಿಸಿದರು. ಸಿಗ್ನಲ್ಲಿನ ಹಳದಿ ದೀಪ ಬಂದ ಮೇಲೂ ಮುಂದೆ ಹೋದರೆ ಹೆಚ್ಚು ಅಂಕ, ಆದರೆ ಡಿಕ್ಕಿಯ ಅಪಾಯ. ಜೊತೆಗೆ ಗೆಳೆಯರಿದ್ದಾಗ 13ರಿಂದ 16 ವರ್ಷದವರು ಒಬ್ಬರೇ ಇದ್ದಾಗಿಗಿಂತ ಬಹಳ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. 24 ವರ್ಷ ಮೇಲ್ಪಟ್ಟವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮುಂದೆ 2011ರಲ್ಲಿ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಗೆಳೆಯರು ನೋಡುತ್ತಿದ್ದಾರೆಂದು ತಿಳಿದಾಗ, ಬಹುಮಾನ ಸಿಕ್ಕರೆ ಖುಷಿಪಡುವ ಮಿದುಳಿನ ಭಾಗ ಹದಿಹರೆಯದವರಲ್ಲಿ ಹೆಚ್ಚು ಚುರುಕಾಗಿತ್ತು. ತಡೆದು ಯೋಚಿಸುವ ಭಾಗ ಪೂರ್ತಿ ಬಲಿಯುವುದು 20 ವರ್ಷ ದಾಟಿದ ಮೇಲೆ. ಅಂದರೆ ಆ ಐದನೆಯ ಹುಡುಗ ದಡ್ಡನೇನಲ್ಲ.

ಹಾಗಾದರೆ ಅವನು ಏನು ಮಾಡಬೇಕು? ‘ಧೈರ್ಯವಾಗಿ ಬೇಡ ಎನ್ನು’ ಎಂದು ಹೇಳುವುದು ಸುಲಭ. ಆ ಕ್ಷಣದಲ್ಲಿ ಮಾತೇ ಹೊರಡುವುದಿಲ್ಲ. ಆದ್ದರಿಂದ ಹೇಳಬೇಕಾದ ಮಾತನ್ನು ಮನೆಯಲ್ಲೇ ಸಿದ್ಧಮಾಡಿಕೊಳ್ಳಬೇಕು: ‘ನಂಗೆ ಈಜು ಬರಲ್ಲ, ನಾನು ಇಳಿಯಲ್ಲ.’ ಅಷ್ಟೇ ಸಾಕು, ವಾದ ಬೇಡ. ಗುಂಪಿನಲ್ಲಿ ತನ್ನಂತೆಯೇ ಹಿಂಜರಿಯುವ ಇನ್ನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಮೊದಲೇ ಹುಡುಕಿ ಮಾತಾಡಿಕೊಂಡರೆ ಆಶ್ ಅವರ ‘ಒಬ್ಬ ಜೊತೆಗಾರ’ ಸಿಕ್ಕಂತೆ. ಇಬ್ಬರೂ ಅಲ್ಲಿಂದ ಹೊರಟುಬಿಡಬಹುದು. ನೋಡುವವರಿಲ್ಲದಿದ್ದರೆ ಒತ್ತಡವೂ ಇಲ್ಲ. ಗುಟ್ಕಾ, ಬೀಡಿ ‘ಒಂದು ಸಲ ನೋಡು’ ಎನ್ನುವವರ ಎದುರಿಗೂ ಇದೇ ಉಪಾಯ. ನಿಮ್ಮ ವಯಸ್ಸಿನವರಿಗೆ ತಂಬಾಕು ಮಾರುವುದು 2003ರ ಕಾನೂನಿನಂತೆ ಅಪರಾಧ ಎಂಬುದೂ ನೆನಪಿರಲಿ. ಯಾರಾದರೂ ಬಲವಂತ ಮಾಡುತ್ತಿದ್ದರೆ ಮನೆಯವರಿಗೋ ಶಿಕ್ಷಕರಿಗೋ ಹೇಳಿ. ಅದು ಚಾಡಿಯಲ್ಲ. ಮತ್ತು ನೀರಿಗೆ ಬಿದ್ದವನನ್ನು ಕಂಡರೆ ನೀವು ಧುಮುಕಬೇಡಿ. ಹಗ್ಗ, ಉದ್ದನೆಯ ಕೋಲು ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆದು ದೊಡ್ಡವರನ್ನು ಕೂಗಿ ಕರೆಯಿರಿ.

ಈಗ ತರಗತಿಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಆರ್ಥರ್ ಜೆನ್ನೆಸ್ ಎಂಬುವರು 1932ರಲ್ಲಿ ಮಾಡಿದ ಪ್ರಯೋಗದ ಸಣ್ಣ ರೂಪ ಇದು. ಒಂದು ಗಾಜಿನ ಬಾಟಲಿಗೆ ಅವರೆಕಾಳು ತುಂಬಿಡಿ. ಎಷ್ಟು ಕಾಳಿರಬಹುದೆಂದು ಅರ್ಧ ಮಕ್ಕಳು ಯಾರಿಗೂ ತೋರಿಸದೆ ಚೀಟಿಯಲ್ಲಿ ಬರೆಯಲಿ. ಉಳಿದರ್ಧ ಮಕ್ಕಳು ಬೇರೆ ಕೋಣೆಯಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರೇ ಗಟ್ಟಿಯಾಗಿ ಹೇಳಲಿ. ಎರಡೂ ಪಟ್ಟಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಪ್ರತಿ ಪಟ್ಟಿಯ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯಿರಿ. ಯಾವ ಪಟ್ಟಿಯ ಸಂಖ್ಯೆಗಳು ಒಂದರ ಹತ್ತಿರ ಒಂದು ಗುಂಪುಗೂಡಿವೆ? ಮೊದಲು ಹೇಳಿದವರ ಸಂಖ್ಯೆ ಎಷ್ಟಿತ್ತು? ಇಷ್ಟಾದ ಮೇಲೆ ಕಾಳುಗಳನ್ನು ಸುರಿದು ಎಣಿಸಿ.