ತಲೆಯ ಮೇಲಿನ ಭಾರ

ಭಾಲ್ಕಿ ತಾಲೂಕಿನ ಖಾನಾಪುರದಲ್ಲಿ ನೆಲೆಸಿರುವ ಮೈಲಾರ ಮಲ್ಲಣ್ಣನ ಜಾತ್ರೆಗೂ ಔರಾದಿನ ಅಮರೇಶ್ವರನ ಜಾತ್ರೆಗೂ ಹಿಂದಿನ ಕಾಲದಲ್ಲಿ ಜನರು ಕಮಾನು ಕಟ್ಟಿದ ಸವಾರಿ ಬಂಡಿಗಳಲ್ಲಿ ಹೊರಡುತ್ತಿದ್ದರು. ಬಿದಿರಿನ ಗಳುಗಳನ್ನು ಬಾಗಿಸಿ, ಮೇಲೆ ಚಾಪೆಯನ್ನು ಹೊದಿಸಿ, ಒಳಗೆ ಹುಲ್ಲನ್ನು ಹಾಸಿದರೆ ಮನೆಮಂದಿಗೆಲ್ಲ ಎರಡು ದಿನಗಳ ಸಂಚಾರಿ ಮನೆ ಸಿದ್ಧವಾದಂತೆಯೇ. ಚಾಪೆ ಹರಿದರೆ ಹೊಸ ಚಾಪೆಯನ್ನೋ ತಾಡಪತ್ರಿಯನ್ನೋ ಹೊದಿಸುತ್ತಿದ್ದರು. ಅದರ ಸ್ಥಳದಲ್ಲಿ ಮಣ್ಣನ್ನು ಹೇರುವ ಯೋಚನೆ ಯಾರಿಗೂ ಬರಲಿಲ್ಲ. ಚಲಿಸುವ ವಸ್ತುವಿನ ಮೇಲ್ಛಾವಣಿ ಹಗುರವಾಗಿರಬೇಕೆಂಬುದನ್ನು ಎತ್ತುಗಳೇ ಕಲಿಸಿದ್ದವು.

ಆದರೆ ಬಂಡಿ ಮರಳಿ ಬಂದು ನಿಲ್ಲುತ್ತಿದ್ದ ಮನೆಯ ವಿಚಾರ ಬೇರೆ. ಮನೆ ಚಲಿಸುವುದಿಲ್ಲವೆಂಬ ನಂಬಿಕೆಯಿಂದ ಅದರ ನೆತ್ತಿಯ ಮೇಲೆ ತಲೆಮಾರುಗಳ ಕಾಲ ಮಣ್ಣನ್ನು ಹೇರಲಾಯಿತು. ಈ ನಂಬಿಕೆ ಸುಳ್ಳಾದುದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಣೇಶನನ್ನು ನೀರಿಗೆ ಬಿಟ್ಟು ಬಂದ ಜನರು ಮೈಮರೆತು ಮಲಗಿದ್ದಾಗ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಿನ ಭೂಮಿ ನಡುಗಿತು. ಸತ್ತವರ ಸಂಖ್ಯೆ ಹತ್ತು ಸಾವಿರಕ್ಕೆ ಹತ್ತಿರ. ಕಿಲ್ಲಾರಿಯು ಭಾಲ್ಕಿಯಿಂದ ನೇರ ದಾರಿಯಲ್ಲಿ ಸುಮಾರು 70 ಕಿಲೋಮೀಟರಿನಷ್ಟೇ ದೂರ. ಅಲ್ಲಿನ ಮನೆಗಳ ಕಟ್ಟುಪಾಡಿಗೂ ಭಾಲ್ಕಿ, ಔರಾದಿನ ಹಳೆಯ ಮನೆಗಳ ಕಟ್ಟುಪಾಡಿಗೂ ಹೆಚ್ಚಿನ ಭೇದವಿಲ್ಲ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಮೇಲ್ಮುದ್ದೆ.

ಮಾಳಿಗೆಯ ಮನೆಯನ್ನು ಹಳಿಯುವುದು ಸುಲಭ. ಅದರ ಗುಣವನ್ನು ಮರೆಯುವುದು ಅನ್ಯಾಯ. ವೈಶಾಖದ ಬಿಸಿಲು ಹೊರಗೆ ಬೆಂಕಿಯಾದಾಗ ಒಳಗೆ ತಂಪು. ಚಳಿಗಾಲದ ಇರುಳಿನಲ್ಲಿ ಬೆಚ್ಚಗೆ. ಕಾಳು ಒಣಗಿಸಲು, ಹಪ್ಪಳ ಹರವಲು, ಬೇಸಿಗೆಯ ರಾತ್ರಿ ಮಲಗಲು ಅದೇ ಅಂಗಳ. ಆದರೆ ಪ್ರತಿವರ್ಷವೂ ಮಳೆಗಾಲಕ್ಕೆ ಮುನ್ನ, ಸೋರುವುದನ್ನು ತಡೆಯಲೆಂದು ಅದರ ಮೇಲೆ ಹೊಸ ಮಣ್ಣನ್ನು ಹಾಕಿ ಬಡಿಯುತ್ತಾರೆ. ಹಳೆಯದನ್ನು ತೆಗೆಯುವವರು ಕಡಮೆ. ಹೀಗೆ ಒಂದು ಅಡಿಯಿದ್ದ ಮೇಲ್ಮುದ್ದೆ ಕಾಲಕ್ರಮದಲ್ಲಿ ಎರಡು ಅಡಿಯಾಗುತ್ತದೆ. ಗೋಡೆಗೂ ಜಂತಿಗೂ ವಯಸ್ಸಾಗಿ ಶಕ್ತಿ ಕುಂದುತ್ತಿರುವಾಗಲೇ ಅವುಗಳ ಹೊರೆ ಬೆಳೆಯುತ್ತಿರುತ್ತದೆ.

ಲೆಕ್ಕ ಹಾಕಿದರೆ ಭಾರದ ಪರಿಮಾಣ ತಿಳಿಯುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯನ್ನು ತೆಗೆದುಕೊಳ್ಳಬಹುದು. ಒಂದು ಅಡಿ ದಪ್ಪದ ಮಣ್ಣು ಅದರ ಮೇಲಿದ್ದರೆ ಸುಮಾರು 45 ಕ್ವಿಂಟಲ್. ಎರಡು ಅಡಿಯಾದರೆ 90 ಕ್ವಿಂಟಲ್. ನಾಲ್ಕು ಅಂಗುಲದ ಕಾಂಕ್ರೀಟಿನ ಹಲಗೆ ಸುಮಾರು 23 ಕ್ವಿಂಟಲ್. ಎರಡು ಅಂಗುಲದ ಶಹಾಬಾದ್ ಕಲ್ಲು ಸುಮಾರು 12 ಕ್ವಿಂಟಲ್. ಮಂಗಳೂರು ಹೆಂಚಾದರೆ ನಾಲ್ಕು ಕ್ವಿಂಟಲಿನ ಆಸುಪಾಸು. ಸತುವಿನ ಲೇಪವುಳ್ಳ ತಗಡು ಅರ್ಧ ಕ್ವಿಂಟಲ್ ಮಾತ್ರ. ಭೂಮಿ ಅಲುಗಾಡಿದಾಗ ಛಾವಣಿಯು ಗೋಡೆಯನ್ನು ಪಕ್ಕಕ್ಕೆ ತಳ್ಳುವ ಬಲ ಅದರ ತೂಕದೊಡನೆಯೇ ಹೆಚ್ಚುತ್ತದೆ. ಆ ಕೆಲವು ಕ್ಷಣಗಳ ಮಟ್ಟಿಗೆ ಮನೆಯೂ ಒಂದು ಬಂಡಿಯೇ. ಕಿಲ್ಲಾರಿಯ ಸುತ್ತಿನಲ್ಲಿ ಕಲ್ಲಿನ ಮನೆಗಳು ಕುಸಿದು ಬಿದ್ದಾಗ ಹುಲ್ಲಿನ ಗುಡಿಸಲುಗಳು ಬಹುಮಟ್ಟಿಗೆ ಉಳಿದುದಕ್ಕೆ ಕಾರಣ ಇದೇ.

ಹಾಗಾದರೆ ಹಳೆಯ ಮಾಳಿಗೆಯನ್ನು ಇಳಿಸಿದವರು ಅದರ ಸ್ಥಳದಲ್ಲಿ ಏನನ್ನು ಹೊದಿಸಬೇಕು? ತಗಡು ಹಗುರ, ಬೆಲೆಯೂ ಸಾಧಾರಣ. ಆದರೆ ಬೀದರಿನ ಬೇಸಿಗೆಯಲ್ಲಿ ಅದರ ಕೆಳಗೆ ಕೂರುವುದು ಕಾದ ಹೆಂಚಿನ ಕೆಳಗೆ ಕೂತಂತೆ. ಮಳೆ ಬಂದರೆ ಮಾತು ಕೇಳಿಸದು; ಗಾಳಿ ಬಂದರೆ ತಗಡು ಹಾರಿಹೋದೀತು. ಮೇಲೆ ಸುಣ್ಣ ಬಳಿದು, ಕೆಳಗೆ ಬಿದಿರಿನ ತಟ್ಟಿಯ ಒಳಮಾಳಿಗೆ ಕಟ್ಟಿ, ನಡುವೆ ಗಾಳಿಯಾಡಲು ಎಡೆಯಿಟ್ಟರೆ ತಾಪ ಎಷ್ಟೋ ಇಳಿಯುತ್ತದೆ. ಕೊಕ್ಕೆಮೊಳೆಗಳಿಂದ ಅದನ್ನು ತೊಲೆಗೆ ಬಿಗಿಯಬೇಕು. ಮೇಲೆ ಕಲ್ಲು ಹೇರಿ ನಿಲ್ಲಿಸುವ ವಾಡಿಕೆ ಅಪಾಯಕರ. ಆಸ್ಬೆಸ್ಟಾಸ್ ಹಲಗೆ ತಗಡಿನಷ್ಟು ಕಾಯುವುದಿಲ್ಲವೆಂಬುದು ನಿಜ. ಆದರೆ ಒಡೆದಾಗ, ಕೊರೆದಾಗ ಅದರ ಎಳೆಗಳು ಉಸಿರಿನೊಡನೆ ಒಳಸೇರಿ ಶ್ವಾಸಕೋಶದ ರೋಗಕ್ಕೂ ಕ್ಯಾನ್ಸರಿಗೂ ಕಾರಣವಾಗುತ್ತವೆ. ಮಕ್ಕಳಿರುವ ಮನೆಗೆ ಅದು ಸಲ್ಲದು. ಹೆಂಚು ತಂಪಾದರೂ ಇಳಿಜಾರು ಬೇಕು, ಒಳ್ಳೆಯ ಮರ ಬೇಕು. ಕರಾವಳಿಯಿಂದ ತರಿಸುವ ವೆಚ್ಚವೂ ಇದೆ.

ಇಂದು ಎಲ್ಲರ ಮನಸ್ಸು ಓಡುವುದು ಕಾಂಕ್ರೀಟಿನ ಕಡೆಗೆ. ಹೊಸ ಬುನಾದಿಯ ಮೇಲೆ, ಸಿಮೆಂಟಿನ ಗಾರೆಯ ಗೋಡೆಗೆ ಕಬ್ಬಿಣದ ಸರಳುಗಳ ಪಟ್ಟಿಯನ್ನು ಸುತ್ತ ಕಟ್ಟಿ ಹಾಕಿದ ಕಾಂಕ್ರೀಟು ಭದ್ರವೆಂಬುದರಲ್ಲಿ ಸಂಶಯವಿಲ್ಲ. ತಪ್ಪಾಗುವುದು ಹಳೆಯ ಮಣ್ಣುಗಾರೆಯ ಗೋಡೆಯನ್ನು ಹಾಗೆಯೇ ಉಳಿಸಿಕೊಂಡು ಅದರ ನೆತ್ತಿಗೆ ಕಾಂಕ್ರೀಟು ಹೊರಿಸಿದಾಗ. ಬೀದರ್ ಪಟ್ಟಣ ಕೆಂಪು ಜಂಬಿಟ್ಟಿಗೆಯ ಗಟ್ಟಿ ನೆಲದ ಮೇಲೆ ನಿಂತಿದೆ. ಭಾಲ್ಕಿ, ಔರಾದಿನ ಬಹುಭಾಗ ಕರಿಯ ಎರೆಭೂಮಿ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಆ ನೆಲದಲ್ಲಿ ಗೋಡೆ ಮೊದಲೇ ಸೀಳಿರುವುದುಂಟು. ಅಂಥ ಗೋಡೆಗೆ ಹಗುರ ಛಾವಣಿಯೇ ಹಿತ.

ಆದಕಾರಣ ವಸ್ತುವನ್ನು ಆರಿಸುವ ಮುನ್ನ ಗೋಡೆಯನ್ನು ಪರೀಕ್ಷಿಸಬೇಕು. ತೊಲೆಗಳು ಗೋಡೆಯ ಮೇಲೆ ಕುಳಿತಿವೆಯೋ, ಮರದ ಕಂಬಗಳ ಮೇಲೆ ನಿಂತಿವೆಯೋ? ಕಂಬಗಳ ಮೇಲಿದ್ದರೆ ಗೋಡೆ ಬಿದ್ದರೂ ಮಾಳಿಗೆ ನಿಲ್ಲುವ ಸಂಭವವಿದೆ. ಗೋಡೆಯ ಒಳಮೈ ಹೊರಮೈಗಳನ್ನು ಬಂಧಿಸುವ ಹಾಯ್ಗಲ್ಲುಗಳಿವೆಯೋ? ಇಂಥ ಮನೆಗಳ ಬಲವರ್ಧನೆಗಾಗಿಯೇ ಭಾರತೀಯ ಮಾನಕ ಸಂಸ್ಥೆಯು 1993ರಲ್ಲಿ 13828ನೆಯ ಅಂಕಿಯ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದನ್ನು ಬಲ್ಲ ಎಂಜಿನಿಯರರ ಸಲಹೆ ಪಡೆಯುವುದು ಉಚಿತ. ಹೊಸ ಛಾವಣಿಗೆ ಹಣವಿಲ್ಲದವರೂ ಕೈಕಟ್ಟಿ ಕೂರಬೇಕಾಗಿಲ್ಲ. ಜಂತಿಗಳಿಗೆ ಆಸರೆ ಕೊಟ್ಟು, ಮೇಲಿನ ಮಣ್ಣನ್ನು ಎರಡೂ ಬದಿಗಳಿಂದ ಸಮವಾಗಿ ಕೆರೆದು ಎಂಟು ಅಂಗುಲಕ್ಕೆ ಇಳಿಸಿ, ನಡುವೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿದರೆ ಸೋರುವುದೂ ನಿಲ್ಲುತ್ತದೆ, ಭಾರವೂ ತಗ್ಗುತ್ತದೆ. ಎಂಟು ಅಂಗುಲ ಮಣ್ಣಿನಲ್ಲಿಯೂ ಅಜ್ಜಿಗೆ ಬೇಕಾದ ತಂಪು ಸಾಕಷ್ಟು ಉಳಿದಿರುತ್ತದೆ.

ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೌಕರಿಯಲ್ಲಿರುವ ಮಕ್ಕಳು ಊರಿನ ಹಳೆಯ ಮನೆಗೆ ಹಬ್ಬಕ್ಕೆಂದು ಬರುತ್ತಾರೆ. ಗೋಡೆಗೆ ಸುಣ್ಣ ಬಳಿಸುತ್ತಾರೆ, ಬಾಗಿಲಿಗೆ ಬಣ್ಣ ಹಾಕಿಸುತ್ತಾರೆ. ಏಣಿ ಹತ್ತಿ ಮಾಳಿಗೆಯ ಮಣ್ಣಿನ ದಪ್ಪವನ್ನು ಅಳೆಯುವವರು ವಿರಳ. 1993ಕ್ಕೆ ಮುನ್ನ ಕಿಲ್ಲಾರಿಯ ಪ್ರದೇಶವನ್ನು ಸರಕಾರಿ ನಕ್ಷೆಗಳು ಭೂಕಂಪದ ಭಯ ಅತ್ಯಲ್ಪವಾದ ವಲಯವೆಂದೇ ತೋರಿಸುತ್ತಿದ್ದವು. ಆದ್ದರಿಂದ ಮುಂದಿನ ಹಬ್ಬಕ್ಕೆ ಹೋದಾಗ ಸುಣ್ಣದ ಬಕೇಟಿನೊಡನೆ ಒಂದು ಅಳತೆಯ ಪಟ್ಟಿಯನ್ನೂ ಒಯ್ಯುವುದು ಲೇಸು. ಆ ಮಾಳಿಗೆಯ ಕೆಳಗೆ ರಾತ್ರಿ ಮಲಗುವವರು ಅವರದೇ ತಂದೆತಾಯಿಗಳು.